ಶಾಲೆಯ ನಕ್ಷೆ ಮೇಜಿನ ಮೇಲೆ ಬಂದಾಗ

ಸಕಲೇಶಪುರ ತಾಲ್ಲೂಕಿನ ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಗೆ ಮೂರು ಹೊಸ ಕೊಠಡಿ ಮಂಜೂರಾಗಿವೆ ಎಂಬ ಸುದ್ದಿ ಬಂದ ವಾರವೇ ಎಸ್‌ಡಿಎಂಸಿಯ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆ ಕರೆದಿದ್ದರು. ಮುಖ್ಯ ಶಿಕ್ಷಕರು ಮೇಜಿನ ಮೇಲೆ ನಕ್ಷೆ ಬಿಚ್ಚಿದರು. ಅದು ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಡಸ್ಟರ್, ಇನ್ನೊಂದಕ್ಕೆ ಹಾಜರಿ ಪುಸ್ತಕ, ಮತ್ತೊಂದಕ್ಕೆ ನೀರಿನ ಲೋಟ ಇಟ್ಟರು. ನಾಲ್ಕನೆಯ ಮೂಲೆಯನ್ನು ಒಬ್ಬ ತಂದೆ ಬೆರಳಿನಿಂದ ಒತ್ತಿ ಹಿಡಿದರು. ಹತ್ತು ಹನ್ನೆರಡು ಜನ ಬಗ್ಗಿ ನೋಡಿದೆವು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಒಬ್ಬರು "ಚೆನ್ನಾಗಿದೆ ಸರ್" ಎಂದರು. ಉಳಿದವರು ತಲೆಯಾಡಿಸಿದರು.

ಕಟ್ಟಡದ ಕೆಲಸದಲ್ಲೇ ಇಪ್ಪತ್ತು ವರ್ಷ ಕಳೆದಿರುವ ನನ್ನನ್ನು ಆ ಮೌನ ಕಾಡಿತು. ಅಲ್ಲಿದ್ದವರೆಲ್ಲ ತಮ್ಮ ಮನೆ ಕಟ್ಟಿಸುವಾಗ ಒಲೆ ಯಾವ ಮೂಲೆಗೆ, ಬಚ್ಚಲ ನೀರು ಯಾವ ಕಡೆಗೆ ಎಂದು ತಿಂಗಳುಗಟ್ಟಲೆ ಯೋಚಿಸಿದವರು. ಮಕ್ಕಳು ದಿನಕ್ಕೆ ಆರು ತಾಸು ಕೂರುವ ಕಟ್ಟಡದ ಬಗ್ಗೆ ಕೇಳಲು ಅವರಿಗೆ ಮನಸ್ಸಿರಲಿಲ್ಲ ಎಂದಲ್ಲ. ಏನು ಕೇಳಬೇಕೆಂದು ಹೊಳೆಯಲಿಲ್ಲ, ಅಷ್ಟೇ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಊರುಗಳಲ್ಲಿ ಹಳೆಯ ಹೆಂಚಿನ ಶಾಲೆಗಳು ಹೋಗಿ ಹೊಸವು ಬರುತ್ತಿರುವ ಈ ಹೊತ್ತಿನಲ್ಲಿ, ನಕ್ಷೆಯ ಮುಂದೆ ನಿಂತ ಪೋಷಕರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಕ್ಷೆಯಲ್ಲಿ ಏನೇನಿರುತ್ತದೆ?

ನಕ್ಷೆ ಎಂದರೆ ಒಂದೇ ಚಿತ್ರವಲ್ಲ. ಮೊದಲನೆಯದು ಪ್ಲಾನ್. ಹಲಸಿನ ಹಣ್ಣನ್ನು ಅಡ್ಡಲಾಗಿ ಕೊಯ್ದು ಮೇಲಿನ ಹೋಳು ತೆಗೆದಿಟ್ಟರೆ ಒಳಗಿನ ತೊಳೆಗಳೆಲ್ಲ ಕಾಣುತ್ತವಲ್ಲ, ಹಾಗೆ ಕಟ್ಟಡವನ್ನು ಕಿಟಕಿಯ ಮಟ್ಟದಲ್ಲಿ ಕೊಯ್ದು ಮೇಲಿನಿಂದ ನೋಡಿದ ನೋಟ ಅದು. ಗೋಡೆ, ಬಾಗಿಲು, ಕಿಟಕಿ ಎಲ್ಲೆಲ್ಲಿವೆ ಎಂದು ತಿಳಿಯುವುದು ಇದರಲ್ಲಿ. ಎರಡನೆಯದು ಎಲಿವೇಷನ್, ಅಂದರೆ ಹೊರಗೆ ನಿಂತು ನೋಡಿದಾಗ ಕಾಣುವ ಮುಖ. ಮೂರನೆಯದು ಸೆಕ್ಷನ್: ಅದೇ ಹಣ್ಣನ್ನು ಉದ್ದಕ್ಕೆ ಸೀಳಿದಂತೆ. ಪಾಯದ ಆಳ, ನೆಲದ ಎತ್ತರ, ಚಾವಣಿಯ ಇಳಿಜಾರು, ಸೂರು ಎಷ್ಟು ಮುಂದೆ ಚಾಚಿದೆ ಎಂಬುದೆಲ್ಲ ಇಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಎಲ್ಲರ ಕಣ್ಣು ಹೋಗುವುದು ಎಲಿವೇಷನ್ ಕಡೆಗೆ. ಮಳೆ ಒಳಗೆ ಬರುತ್ತದೋ ಇಲ್ಲವೋ, ಕೊನೆಯ ಬೆಂಚಿಗೆ ಬೆಳಕು ಮುಟ್ಟುತ್ತದೋ ಇಲ್ಲವೋ ಎಂಬುದು ಸೆಕ್ಷನ್‌ನಲ್ಲಿ ಅಡಗಿರುತ್ತದೆ.

ನಕ್ಷೆಯ ಜೊತೆಗೆ ಅಂದಾಜು ಪಟ್ಟಿ ಇರುತ್ತದೆ. ಎಸ್ಟಿಮೇಟ್ ಎಂದೇ ಎಲ್ಲರೂ ಕರೆಯುವುದು. ಎಷ್ಟು ಕಬ್ಬಿಣ, ಎಷ್ಟು ಕಾಂಕ್ರೀಟ್, ಎಷ್ಟು ಕಿಟಕಿ, ಎಷ್ಟು ನಲ್ಲಿ ಎಂಬ ಲೆಕ್ಕ. ಚಿತ್ರದಲ್ಲಿ ಇದ್ದರೂ ಈ ಪಟ್ಟಿಯಲ್ಲಿ ಇಲ್ಲದ್ದನ್ನು ಗುತ್ತಿಗೆದಾರರು ಕಟ್ಟುವುದಿಲ್ಲ, ಏಕೆಂದರೆ ಅದಕ್ಕೆ ಹಣ ಇರುವುದಿಲ್ಲ. ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯ ಪ್ರಕಾರ ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ, ಕಚೇರಿ ಮತ್ತು ದಾಸ್ತಾನಿಗೂ ಆಗುವ ಮುಖ್ಯ ಶಿಕ್ಷಕರ ಕೊಠಡಿ, ಅಡೆತಡೆಯಿಲ್ಲದ ಪ್ರವೇಶ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಗ್ರಂಥಾಲಯ ಇರಲೇಬೇಕು. ಏನಿರಬೇಕು ಎಂಬುದು ಇಲ್ಲಿದೆ. ಹೇಗಿರಬೇಕು ಎಂಬುದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಮತ್ತು ಭಾರತೀಯ ಮಾನಕ ಸಂಸ್ಥೆಯ ನಿಯಮಗಳನ್ನು ನೋಡಬೇಕು. ಆದರೆ ಶೃಂಗೇರಿಯ ಮಳೆ ಬೇರೆ, ಕಡೂರಿನ ಬಿಸಿಲು ಬೇರೆ ಎಂಬುದನ್ನು ಊರಿನವರೇ ಹೇಳಬೇಕು. ಶೃಂಗೇರಿಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಅದೇ ಜಿಲ್ಲೆಯ ಕಡೂರಿನಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಈ ಎರಡು ಊರಿಗೂ ಒಂದೇ ನಕ್ಷೆ ಹೊಂದುವುದು ಕಷ್ಟ.

ಕಿಟಕಿ ಯಾವ ಕಡೆಗಿರಬೇಕು?

ನಕ್ಷೆಯ ಒಂದು ಮೂಲೆಯಲ್ಲಿ ಉತ್ತರ ದಿಕ್ಕನ್ನು ತೋರಿಸುವ ಬಾಣ ಇರುತ್ತದೆ. ಮೊದಲು ನೋಡಬೇಕಾದದ್ದು ಅದನ್ನೇ.

ನಮ್ಮ ಜಿಲ್ಲೆಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಜೂನ್‌ನಲ್ಲಿ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಹತ್ತು ಡಿಗ್ರಿಯಷ್ಟು ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಬಾಗಿರುತ್ತಾನೆ, ಆದರೂ ದಿಗಂತದಿಂದ 50 ಡಿಗ್ರಿಗಿಂತ ಮೇಲೆಯೇ. ಅಂದರೆ ಉತ್ತರ, ದಕ್ಷಿಣದ ಗೋಡೆಗಳಿಗೆ ಬಿಸಿಲು ಬೀಳುವುದು ಎತ್ತರದಿಂದ. ಕಿಟಕಿಯ ಮೇಲೆ ಎರಡು, ಎರಡೂವರೆ ಅಡಿಯ ಸಜ್ಜ ಇದ್ದರೆ ಅದರಲ್ಲಿ ಬಹುಪಾಲು ನಿಲ್ಲುತ್ತದೆ. ಪೂರ್ವ, ಪಶ್ಚಿಮದ ಮಾತು ಹಾಗಲ್ಲ. ಬೆಳಗ್ಗೆ ಹತ್ತರ ಮೊದಲು, ಮಧ್ಯಾಹ್ನ ಮೂರರ ನಂತರ ಬಿಸಿಲು ಅಡ್ಡಲಾಗಿ ಒಳನುಗ್ಗುತ್ತದೆ. ನೆತ್ತಿಯ ಬಿಸಿಲಿಗೆ ಟೋಪಿ ಸಾಕು. ಎದುರಿನ ಬಿಸಿಲಿಗೆ ಕೈ ಅಡ್ಡ ಹಿಡಿಯಬೇಕಾಗುತ್ತದೆ. ಅರಸೀಕೆರೆ, ಕಡೂರು ಕಡೆಯ ಮಾರ್ಚ್ ತಿಂಗಳಲ್ಲಿ ಪಶ್ಚಿಮದ ಕಿಟಕಿಯ ಪಕ್ಕ ಕೂತ ಮಗುವಿಗೆ ಕೊನೆಯ ಎರಡು ಪೀರಿಯಡ್ ಪಾಠ ತಲೆಗೆ ಹೋಗುವುದಿಲ್ಲ. ಆದ್ದರಿಂದಲೇ ಕಟ್ಟಡದ ಉದ್ದ ಪೂರ್ವ-ಪಶ್ಚಿಮವಾಗಿಯೂ, ಕಿಟಕಿಗಳು ಉತ್ತರ-ದಕ್ಷಿಣಕ್ಕೂ ಇರಬೇಕು ಎಂದು ಎಂಜಿನಿಯರುಗಳು ಹೇಳುವುದು.

ಇನ್ನು ಎಷ್ಟು ಕಿಟಕಿ? ಕೊಠಡಿಯ ಅಳತೆಯಿಂದ ಶುರು ಮಾಡೋಣ. ಸಿಬಿಎಸ್‌ಇ ಶಾಲೆಗಳಿಗೆ ಕನಿಷ್ಠ 500 ಚದರ ಅಡಿಯ ಕೊಠಡಿ, ಪ್ರತಿ ಮಗುವಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಎಂಬ ನಿಯಮವಿದೆ. ಬೇರೆ ಶಾಲೆಗಳಿಗೂ ಇದು ಒಳ್ಳೆಯ ಅಳತೆಗೋಲು. 25 ಅಡಿ ಉದ್ದ, 20 ಅಡಿ ಅಗಲ ಎಂದಿಟ್ಟುಕೊಳ್ಳಿ. ಬಿಸಿ ಮತ್ತು ತೇವದ ಹವೆಯ ಪ್ರದೇಶಕ್ಕೆ ನೆಲದ ವಿಸ್ತೀರ್ಣದ ಆರನೇ ಒಂದು ಭಾಗದಷ್ಟು ಕಿಟಕಿ, ಗವಾಕ್ಷಿ ಬೇಕೆಂಬುದು ಕಟ್ಟಡ ಸಂಹಿತೆಯ ಲೆಕ್ಕ. ನಾಲ್ಕು ತಿಂಗಳು ಮೋಡ ಕವಿದಿರುವ ಮಲೆನಾಡಿಗೂ ಅದನ್ನೇ ಹಿಡಿಯುವುದು ಒಳ್ಳೆಯದು. 500ರ ಆರನೇ ಒಂದು ಭಾಗ ಎಂದರೆ 83 ಚದರ ಅಡಿ; ನಾಲ್ಕಡಿಗೆ ನಾಲ್ಕಡಿಯ ಐದು ಕಿಟಕಿ ಮತ್ತು ಒಂದು ಗವಾಕ್ಷಿ. ನಕ್ಷೆಯಲ್ಲಿ ಎರಡೇ ಕಿಟಕಿ ಕಂಡರೆ ಅಲ್ಲೇ ಕೇಳಿ.

ಎಲ್ಲ ಕಿಟಕಿಗಳೂ ಒಂದೇ ಗೋಡೆಯಲ್ಲಿದ್ದರೂ ಸಾಲದು. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಓದಲು ಬೇಕಾದ ಬೆಳಕು ಹೋಗುತ್ತದೆ. ಮೇಲಂಚು ಏಳು ಅಡಿ ಎತ್ತರದಲ್ಲಿರುವ ಕಿಟಕಿಯ ಬೆಳಕು ಹದಿನಾಲ್ಕರಿಂದ ಹದಿನೇಳು ಅಡಿಯ ಒಳಗೆ ಮುಗಿಯುತ್ತದೆ. ಇಪ್ಪತ್ತು ಅಡಿಯ ಕೊಠಡಿಯಲ್ಲಿ ಆ ಕಡೆಯ ಗೋಡೆಗೆ ಒರಗಿ ಕೂತ ಮಕ್ಕಳು ಜುಲೈ ತಿಂಗಳಲ್ಲಿ ಕತ್ತಲಲ್ಲಿ ಬರೆಯುತ್ತಾರೆ. ಓದು ಬರಹಕ್ಕೆ ಸುಮಾರು 300 ಲಕ್ಸ್ ಬೆಳಕು ಬೇಕು. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದರ ಅಳತೆ. ಮೋಡದ ದಿನವೂ ಅಂಗಳದಲ್ಲಿ ಸಾವಿರಾರು ಲಕ್ಸ್ ಇರುತ್ತದೆ. ಅದರಲ್ಲಿ ಸ್ವಲ್ಪವನ್ನಾದರೂ ಒಳಗೆ ತರಲು ಎದುರುಬದುರಿನ ಎರಡೂ ಗೋಡೆಗಳಲ್ಲಿ ಕಿಟಕಿ ಬೇಕು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವುದೂ ಆಗಲೇ.

ಗಾಳಿಯ ವಿಷಯ ಮಲೆನಾಡಿಗೆ ಬಹಳ ಮುಖ್ಯ. ಎರಚಲಿಗೆ ಹೆದರಿ ಮಳೆಗಾಲದಲ್ಲಿ ಕಿಟಕಿಗಳನ್ನೆಲ್ಲ ಮುಚ್ಚುತ್ತೇವೆ. ನಲವತ್ತು ಮಕ್ಕಳು ಉಸಿರಾಡುವ ಮುಚ್ಚಿದ ಕೊಠಡಿಯಲ್ಲಿ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೊತ್ತಿನಲ್ಲೇ ಹೊರಗಿನದಕ್ಕಿಂತ ಹಲವು ಪಟ್ಟಾಗುತ್ತದೆ. ತೂಕಡಿಕೆ, ತಲೆಭಾರ ಬರುವುದು ಇದರಿಂದ. ಒಬ್ಬರ ಕೆಮ್ಮು ನೆಗಡಿ ಇನ್ನೊಬ್ಬರಿಗೆ ಬೇಗ ಹರಡುವುದೂ ಗಾಳಿ ಬದಲಾಗದೆ ನಿಂತಿರುವುದರಿಂದಲೇ. ಪರಿಹಾರ ಹಳೆಯದೇ: ಸೂರಿನ ಕೆಳಗೆ, ಗೋಡೆಯ ಮೇಲ್ಭಾಗದಲ್ಲಿ, ಮಳೆ ತಾಗದ ಕಡೆ ಸದಾ ತೆರೆದಿರುವ ಗವಾಕ್ಷಿ. ಬಿಸಿಯಾದ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ.

ಮಳೆ ಬಂದಾಗ ಮೇಷ್ಟರ ದನಿ

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಹೆಂಚಿನ ಕೊಠಡಿಯಿಂದ ನಮ್ಮನ್ನು ಹೊಸದಾಗಿ ಕಟ್ಟಿದ ಶೀಟಿನ ಕೊಠಡಿಗೆ ಕಳಿಸಿದರು. ಜೂನ್ ಮುಗಿಯುವ ಹೊತ್ತಿಗೆ ಮೇಷ್ಟರು ಪಾಠ ಹೇಳುವುದನ್ನು ಬಿಟ್ಟು ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದ್ದರು. ಮಳೆ ಜೋರಾದರೆ ಚಾಕ್‌ಪೀಸಿನಿಂದ ಬೋರ್ಡನ್ನು ಕುಟ್ಟಿ ನಮ್ಮ ಗಮನ ಸೆಳೆಯುತ್ತಿದ್ದರು. ಆ ಸದ್ದೂ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲ. ಆ ವರ್ಷದ ಮಗ್ಗಿಗಳನ್ನು ನಾವು ಬಾಯಿಪಾಠ ಮಾಡಿದ್ದು ತುಟಿ ನೋಡಿಕೊಂಡು.

ಹೀಗೇಕಾಗುತ್ತದೆ? ಶಬ್ದವನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಶಿಕ್ಷಕರ ಸಹಜ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 60ರಿಂದ 65 ಡೆಸಿಬಲ್. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ ಆರು ಡೆಸಿಬಲ್ ಇಳಿಯುತ್ತದೆ. ಕೊಠಡಿಯೊಳಗೆ ಗೋಡೆಗಳು ದನಿಯನ್ನು ಮರಳಿಸುವುದರಿಂದ ಅಷ್ಟು ಇಳಿಯದಿದ್ದರೂ ಕೊನೆಯ ಬೆಂಚಿಗೆ ಮುಟ್ಟುವಾಗ ಸಾಕಷ್ಟು ಸಣ್ಣಗಾಗಿರುತ್ತದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸುತ್ತಲಿನ ಗದ್ದಲಕ್ಕಿಂತ ಅದು 15 ಡೆಸಿಬಲ್‌ನಷ್ಟು ಮೇಲಿರಬೇಕು. ಅದಕ್ಕೇ ಪಾಠ ನಡೆಯುವ ಕೊಠಡಿಯಲ್ಲಿ ಹಿನ್ನೆಲೆಯ ಸದ್ದು 35 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತು. ಬರಿಯ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಮೇಷ್ಟರ ದನಿಯನ್ನೇ ಮುಳುಗಿಸುತ್ತದೆ. ದೊಡ್ಡವರಾದರೆ ಕೇಳದ ಪದವನ್ನು ಊಹಿಸಿಕೊಳ್ಳುತ್ತೇವೆ. ಒಂದನೇ ತರಗತಿಯ ಮಗುವಿಗೆ ಊಹಿಸಲು ಆ ಪದವೇ ಇನ್ನೂ ಗೊತ್ತಿರುವುದಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ತಮಿಳು, ಲಂಬಾಣಿ ಮಾತನಾಡಿ ಕನ್ನಡ ಶಾಲೆಗೆ ಬರುವ ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳಿಗೆ ಇನ್ನೂ ಕಷ್ಟ.

ತೆಳುವಾದ ಶೀಟು ತಮಟೆಯ ಚರ್ಮದಂತೆ: ಒಂದು ಕಡೆ ಬಡಿದರೆ ಇಡೀ ಹಾಳೆ ಅದುರುತ್ತದೆ. ಮಂಗಳೂರು ಹೆಂಚು ದಪ್ಪ, ಭಾರ, ಚಿಕ್ಕ ಚಿಕ್ಕ ತುಂಡು; ಒಂದರ ಮೇಲೊಂದು ಸಡಿಲವಾಗಿ ಕೂತಿರುವುದರಿಂದ ಅದುರು ಹರಡುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಈ ಹೆಂಚು ನಮ್ಮ ಹಳೆಯ ಶಾಲೆಗಳನ್ನು ಅಷ್ಟು ಕಾಲ ಕಾದದ್ದು ಸುಮ್ಮನೆ ಅಲ್ಲ. ಆದರೆ ರೀಪು, ಪಕಾಸಿಗೆ ಮರ ಸಿಗುವುದು ಕಷ್ಟವಾಗಿದೆ, ಮಂಗಗಳ ಕಾಟಕ್ಕೆ ಹೆಂಚು ಉಳಿಯುವುದಿಲ್ಲ ಎಂಬುದೂ ನಿಜ. ಕಾಂಕ್ರೀಟ್ ತಾರಸಿಯಾದರೆ ಸದ್ದು ಬಹುಮಟ್ಟಿಗೆ ನಿಲ್ಲುತ್ತದೆ. ಶೀಟೇ ಹಾಕುವುದಾದರೆ ನಡುವೆ ಶಾಖ ನಿರೋಧಕ ತುಂಬಿದ ಎರಡು ಪದರದ ಶೀಟು, ಅಥವಾ ಕೆಳಗೆ ಒಂದಡಿ ಗಾಳಿಯ ಜಾಗ ಬಿಟ್ಟು ಒಳಚಾವಣಿ ಇರಲಿ. ಈ ಒಂದು ಸಾಲನ್ನು ಎಸ್ಟಿಮೇಟ್‌ನಲ್ಲಿ ಸೇರಿಸಲು ಒತ್ತಾಯಿಸಿ ಎಂದು ಮಲೆನಾಡಿನ ಪ್ರತಿ ಪೋಷಕರಲ್ಲೂ ಕೇಳಿಕೊಳ್ಳುತ್ತೇನೆ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ತೆಗೆಯುವಾಗ ಒಡೆಯಬಾರದು, ಕೊರೆಯಬಾರದು. ಅದರ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು.

ಸದ್ದಿನ ಇನ್ನೊಂದು ತೊಂದರೆ ಪ್ರತಿಧ್ವನಿ. ಖಾಲಿ ಕಲ್ಯಾಣ ಮಂಟಪದಲ್ಲಿ ಕೂಗಿದರೆ ಮಾತು ಮಾತಿನ ಮೇಲೆ ಬಿದ್ದು ಕಲಸಿಹೋಗುತ್ತದಲ್ಲ, ಟೈಲ್ಸ್ ನೆಲ, ನುಣುಪು ಗೋಡೆಯ ಕೊಠಡಿಯಲ್ಲೂ ಹಾಗೇ. ಸದ್ದು 0.6 ಸೆಕೆಂಡಿನೊಳಗೆ ಅಡಗಬೇಕು. ಗೋಡೆಗೆ ಚಾರ್ಟು ಅಂಟಿಸುವ ಮೃದುವಾದ ಹಲಗೆ, ಪುಸ್ತಕದ ಕಪಾಟು, ಪರದೆ, ಇವೆಲ್ಲ ಸದ್ದನ್ನು ಹೀರುತ್ತವೆ. ಹೊಸ ಕೊಠಡಿಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಗೊತ್ತಾಗುತ್ತದೆ.

ಜಗಲಿ ಮತ್ತು ಒದ್ದೆ ಕೊಡೆಗಳು

ನಮ್ಮ ಅಜ್ಜನ ಕಾಲದಲ್ಲಿ ಕಂಬಳಿಕೊಪ್ಪೆ, ಗೊರಬು ಹೊದ್ದು ಬರುತ್ತಿದ್ದರಂತೆ; ಅವನ್ನು ನೇತುಹಾಕಲು ಜಗಲಿಯ ಕಂಬಕ್ಕೆ ಗೂಟ ಹೊಡೆದಿರುತ್ತಿತ್ತು. ಈಗ ನಲವತ್ತು ಕೊಡೆ, ನಲವತ್ತು ರೈನ್‌ಕೋಟು ಎಲ್ಲಿಗೆ ಹೋಗಬೇಕು? ಬಹಳಷ್ಟು ನಕ್ಷೆಗಳಲ್ಲಿ ಇದಕ್ಕೆ ಜಾಗವಿಲ್ಲ. ಕೊಡೆಗಳು ಕೊಠಡಿಯ ಮೂಲೆಗೆ ಬರುತ್ತವೆ, ನೀರು ನೆಲದ ಮೇಲೆ ಹರಿಯುತ್ತದೆ, ನಲಿ-ಕಲಿ ಕ್ರಮದಲ್ಲಿ ಕಲಿಯುವ ಚಿಕ್ಕ ಮಕ್ಕಳು ಅದೇ ನೆಲದ ಮೇಲೆ ಕೂರುತ್ತಾರೆ. ಮಳೆಗಾಳಿ ಬೀಸುವ ನೈಋತ್ಯ ದಿಕ್ಕಿಗೆ ಅಗಲವಾದ ಜಗಲಿ, ಅದರ ಗೋಡೆಗೆ ಮಕ್ಕಳ ಕೈಗೆ ಎಟಕುವಂತೆ ಕೊಕ್ಕೆಗಳ ಪಟ್ಟಿ, ಕೆಳಗೆ ನೀರು ಹರಿದುಹೋಗಲು ಬೆರಳಗಲದ ಕಾಲುವೆ ಇದ್ದರೆ ಎರಚಲೂ ತಪ್ಪುತ್ತದೆ, ಕೊಠಡಿಯೂ ಒಣಗಿರುತ್ತದೆ. ದೊಡ್ಡ ಖರ್ಚೇನೂ ಇಲ್ಲ. ಗ್ರಂಥಾಲಯದ ಕಪಾಟನ್ನೂ ಹೊರಗೋಡೆಗೆ ಒತ್ತರಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದರೆ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

ಚಾವಣಿಯ ಚಕ್ಕೆ ಏಕೆ ಉದುರುತ್ತದೆ?

ಕಟ್ಟಿ ಹದಿನೈದು ವರ್ಷಕ್ಕೇ ಸಿಮೆಂಟಿನ ಚಕ್ಕೆ ಕಳಚಿ ತುಕ್ಕು ಹಿಡಿದ ಕಂಬಿ ಹೊರಗೆ ಕಾಣುವ ಶಾಲೆಗಳನ್ನು ನೀವು ನೋಡಿರುತ್ತೀರಿ. ಕಾಂಕ್ರೀಟ್ ಭಾರವನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದು ಒಳಗಿನ ಕಬ್ಬಿಣ. ಸುತ್ತಲಿನ ಕಾಂಕ್ರೀಟ್ ಗಟ್ಟಿಯಾಗಿ, ಸಂದಿಲ್ಲದೆ ಇದ್ದಷ್ಟು ದಿನ ಅದರ ಕ್ಷಾರಗುಣ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ನೀರು, ಗಾಳಿ ಒಳಗಿಳಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬಂಡೆಯ ಸಂದಿಯಲ್ಲಿ ಬೇರಿಳಿಸಿದ ಅರಳಿ ಗಿಡ ಬಂಡೆಯನ್ನೇ ಸೀಳುವಂತೆ ಅದು ಒಳಗಿನಿಂದ ಒತ್ತಿ ಚಕ್ಕೆಯನ್ನು ಎಬ್ಬಿಸುತ್ತದೆ.

ಇದನ್ನು ತಡೆಯುವ ಕ್ರಮಗಳು ಕಟ್ಟುವ ದಿನಗಳಲ್ಲೇ ಮುಗಿದುಹೋಗುತ್ತವೆ, ಆಮೇಲೆ ಕಾಣುವುದಿಲ್ಲ. ಒಂದು, ಕವರ್: ಕಂಬಿಯ ಕೆಳಗೆ ತಾರಸಿಯಲ್ಲಿ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಅದಕ್ಕಾಗಿ ಕಂಬಿಯ ಕೆಳಗೆ ಸಿಮೆಂಟಿನ ಚಿಕ್ಕ ಬಿಲ್ಲೆಗಳನ್ನು ಇಡುತ್ತಾರೆ. ಮೋಲ್ಡ್ ಹಾಕುವ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ಹಿಂದಿನ ಸಂಜೆ ಹೋಗಿ ನೋಡಿ. ಬಿಲ್ಲೆ ಇಲ್ಲದೆ ಕಂಬಿ ಹಲಗೆಗೇ ತಾಗಿದ್ದರೆ ಎಂಜಿನಿಯರಿಗೆ ಫೋನ್ ಮಾಡಿ. ಎರಡು, ನೀರುಣಿಸುವುದು, ಅಂದರೆ ಕ್ಯೂರಿಂಗ್. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಹಾರುಬೂದಿ ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರಬಾರದು. ಗದ್ದೆಗೆ ಬದು ಕಟ್ಟಿದ ಹಾಗೆ ತಾರಸಿಯ ಮೇಲೆ ಗಾರೆಯ ಪುಟ್ಟ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುತ್ತಾರೆ. ಎಷ್ಟೋ ಕಾಮಗಾರಿಗಳಲ್ಲಿ ಮೂರನೇ ದಿನಕ್ಕೇ ಆ ಗದ್ದೆ ಬತ್ತಿರುತ್ತದೆ. ಊರಿನ ಒಬ್ಬರು ದಿನಕ್ಕೊಮ್ಮೆ ಏಣಿ ಹತ್ತಿ ನೋಡಿದರೆ ಸಾಕು. ಮೂರು, ಕ್ಯೂಬ್ ಪರೀಕ್ಷೆ: ಹಾಕಿದ ಕಾಂಕ್ರೀಟಿನದೇ 15 ಸೆಂಟಿಮೀಟರ್ ಘನಗಳನ್ನು ಮಾಡಿಟ್ಟು 28 ದಿನಗಳ ನಂತರ ಒತ್ತಿ ಒಡೆದು ಬಲ ಅಳೆಯುತ್ತಾರೆ. ಅದರ ವರದಿಯನ್ನು ತೋರಿಸಿ ಎಂದು ಸಮಿತಿ ಕೇಳಬಹುದು.

ಕಾಫಿ ತೋಟದ ಸೀಮೆಯಲ್ಲಿ ಇನ್ನೊಂದು ಮಾತು. ಸಿಲ್ವರ್ ಓಕ್ ಎಲೆ ತಾರಸಿಯ ಕೊಳವೆಯ ಬಾಯಿಗೆ ಕಂಬಳಿಯಂತೆ ಕೂರುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಗುಡಿಸದಿದ್ದರೆ ಜೂನ್ ತಿಂಗಳಿಡೀ ತಾರಸಿ ಕೆರೆಯಾಗುತ್ತದೆ.

ಗುಡ್ಡ ಕಡಿದ ಜಾಗದಲ್ಲಿ ಶಾಲೆ

ಮಟ್ಟಸವಾದ ಜಾಗ ಸಿಗದ ಕಡೆ ಗುಡ್ಡದ ಬದಿ ಕಡಿದು ಮಟ್ಟ ಮಾಡುತ್ತಾರೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲೂ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲೂ ಮಣ್ಣು ಹೇಗೆ ಜಾರಿತು ಎಂದು ಕಂಡವರು ನಾವು. ನೀರು ಕುಡಿದ ಮಣ್ಣಿಗೆ ತೂಕ ಹೆಚ್ಚು, ಹಿಡಿತ ಕಡಿಮೆ. ತಡೆಗೋಡೆಯಲ್ಲಿ ಅಲ್ಲಲ್ಲಿ ನೀರು ಸೋರುವ ತೂತುಗಳು ಇರಬೇಕು, ಅವುಗಳ ಹಿಂದೆ ಜಲ್ಲಿ ತುಂಬಿರಬೇಕು. ಅವಿಲ್ಲದಿದ್ದರೆ ಗೋಡೆಯ ಹಿಂದೆ ನೀರು ನಿಂತು ಅಣೆಕಟ್ಟಿನಂತೆ ಒತ್ತುತ್ತದೆ. ಮಳೆಗಾಲದಲ್ಲಿ ಶಾಲೆಯ ಕಾಂಪೌಂಡುಗಳು ಮಲಗುವುದು ಬಹುಪಾಲು ಹೀಗೇ. ಗುಡ್ಡದ ಮೇಲ್ಭಾಗದಲ್ಲಿ ಅಡ್ಡಗಾಲುವೆ ತೋಡಿ ನೀರನ್ನು ಬೇರೆ ಕಡೆಗೆ ತಿರುಗಿಸುವುದೂ ನಕ್ಷೆಯಲ್ಲೇ ಇರಬೇಕು.

ನೀರು ಮತ್ತು ಶೌಚಾಲಯ

ಕಡೂರು, ಅರಸೀಕೆರೆ ಕಡೆಗೆ ಚಾವಣಿ ಎಂದರೆ ಬಾವಿ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದರೆ 60 ಸಾವಿರ ಲೀಟರ್. ಐದನೇ ಒಂದು ಭಾಗ ಆವಿಯಾಗಿ, ಚೆಲ್ಲಿ ಹೋದರೂ 48 ಸಾವಿರ ಲೀಟರ್ ಉಳಿಯುತ್ತದೆ. ಶೌಚಾಲಯಕ್ಕೂ ಕೈದೋಟಕ್ಕೂ ಇದು ದೊಡ್ಡ ಆಸರೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ಕೊಳವೆ, ಆಮೇಲೆ ಸೋಸಲು ಮರಳು ಮತ್ತು ಜಲ್ಲಿಯ ತೊಟ್ಟಿ ಬೇಕು.

ಶೌಚಾಲಯದ ಲೆಕ್ಕ ಹೀಗಿದೆ: ಒಂದು ಶೌಚದ ಕೋಣೆ, ಮೂರು ಮೂತ್ರಿ ಸೇರಿ ಒಂದು ಘಟಕ, 40 ಮಕ್ಕಳಿಗೆ ಒಂದು ಘಟಕ ಎಂದು ಕೇಂದ್ರದ ಸ್ವಚ್ಛ ವಿದ್ಯಾಲಯ ಕೈಪಿಡಿ ಹೇಳುತ್ತದೆ. ಆದರೆ ಎಣಿಕೆ ಸರಿಯಿದ್ದೂ ಬೀಗ ಬಿದ್ದಿರುವ ಶೌಚಾಲಯಗಳನ್ನು ನಾನು ಬಹಳ ನೋಡಿದ್ದೇನೆ, ಕಾರಣ ಹೆಚ್ಚಿನ ಪಾಲು ನೀರು. ಮೇಲೆ ಟ್ಯಾಂಕ್, ಅದಕ್ಕೆ ನೀರೇರಿಸುವ ಪಂಪು, ಒಳಗೆ ನಲ್ಲಿ, ಈ ಮೂರೂ ಎಸ್ಟಿಮೇಟ್‌ನಲ್ಲಿವೆಯೇ ನೋಡಿ. ಹೆಣ್ಣು ಮಕ್ಕಳ ಶೌಚಾಲಯಕ್ಕೆ ಒಳಚಿಲಕ, ಬಟ್ಟೆ ನೇತುಹಾಕುವ ಕೊಕ್ಕೆ, ಪ್ಯಾಡ್ ಇಡಲು ಒಂದು ಹಲಗೆ, ಮುಚ್ಚಳವಿರುವ ಕಸದ ಡಬ್ಬ, ಬೆಳಕು ಬರುವ ಎತ್ತರದ ಗವಾಕ್ಷಿ ಬೇಕೇಬೇಕು. ಏಳನೇ ತರಗತಿಯ ಹುಡುಗಿ ತಿಂಗಳಿಗೆ ನಾಲ್ಕು ದಿನ ಶಾಲೆಗೆ ಬರುತ್ತಾಳೋ ಇಲ್ಲವೋ ಎಂಬುದು ಆ ಚಿಲಕದ ಮೇಲೂ ನಿಂತಿದೆ. ಶೌಚಾಲಯಕ್ಕೆ ಹೋಗುವ ದಾರಿಗೆ ಮಾಡು ಇರಲಿ. ಸುರಿಯುವ ಮಳೆಯಲ್ಲಿ ಮೈದಾನ ದಾಟಬೇಕಾದರೆ ಚಿಕ್ಕ ಮಕ್ಕಳು ತಡೆದುಕೊಂಡು ಕೂರುತ್ತಾರೆ.

ಒಳಗೆ ಬರುವ ದಾರಿ, ಹೊರಗೆ ಓಡುವ ದಾರಿ

ಗಾಲಿಕುರ್ಚಿ ಹೋಗುವ ಇಳಿಜಾರು ದಾರಿಯನ್ನು ರ‍್ಯಾಂಪ್ ಎನ್ನುತ್ತಾರೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಮಲೆನಾಡಿನಲ್ಲಿ ಮಳೆನೀರಿಗೆ ಹೆದರಿ ನೆಲವನ್ನು ಎರಡಡಿ ಎತ್ತರಿಸುತ್ತೇವೆ, ಆಗ ರ‍್ಯಾಂಪ್ 24 ಅಡಿ ಬೇಕು. ಜಾಗ ಸಾಲದೆಂದು ಎಂಟು ಹತ್ತು ಅಡಿಯಲ್ಲಿ ಮುಗಿಸಿದ ರ‍್ಯಾಂಪ್ ಏರಲು ಆಗದ ಜಾರುಬಂಡೆ. ಉದ್ದ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಎರಡೂ ಬದಿ ಹಿಡಿಕೆ ಬೇಕು, ಮೇಲೆ ಮಾಡು ಬೇಕು. ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಪಾಚಿ ಕಟ್ಟುತ್ತದೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಕಿರಿದಾದ ಮೆಟ್ಟಿಲು, ಹೊರಬರಲು ದಾರಿಯಿಲ್ಲ. ಅದರ ಹಿನ್ನೆಲೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಎಲ್ಲ ಶಾಲೆಗಳಿಗೂ ಸುರಕ್ಷತೆಯ ಕ್ರಮಗಳನ್ನು ಕಡ್ಡಾಯಗೊಳಿಸಿತು. ಅಡುಗೆಮನೆ ತರಗತಿಯಿಂದ ದೂರ, ಗ್ಯಾಸ್ ಸಿಲಿಂಡರ್ ಹೊರಗೆ. ಮಹಡಿ ಇದ್ದರೆ ಮೆಟ್ಟಿಲು ಸುಮಾರು ಐದು ಅಡಿ ಅಗಲ. ಬಾಗಿಲು ಹೊರಗೆ ತೆರೆಯಬೇಕು: ಹೆದರಿದ ಮಕ್ಕಳು ಒಟ್ಟಿಗೆ ನುಗ್ಗಿದಾಗ ಒಳಗೆ ತೆರೆಯುವ ಬಾಗಿಲನ್ನು ಎಳೆಯಲು ಯಾರಿಗೂ ಜಾಗ ಸಿಗುವುದಿಲ್ಲ. ನಕ್ಷೆಯಲ್ಲಿ ಬಾಗಿಲಿನ ಪಕ್ಕ ಕಾಲು ವೃತ್ತದ ಗೆರೆ ಇರುತ್ತದೆ. ಅದು ಯಾವ ಕಡೆಗಿದೆಯೋ ಬಾಗಿಲು ಆ ಕಡೆಗೆ ತೆರೆಯುತ್ತದೆ. ನೋಡಲು ಒಂದು ಕ್ಷಣ ಸಾಕು.

ಬೆಂಚು, ಬೋರ್ಡು, ವಿದ್ಯುತ್

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಅದರಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು ಕಲಿಯುತ್ತಾರೆ, ಗೋಡೆಯ ಕೆಳಭಾಗದಲ್ಲಿ ಅವರದೇ ಕಪ್ಪುಹಲಗೆ, ಮೇಲೆ ದಾರಕ್ಕೆ ಅವರ ಕೆಲಸಗಳನ್ನು ತೂಗುಹಾಕುವ ಚಪ್ಪರ. ಈ ಕೊಠಡಿಗೆ ತಣ್ಣಗೆ ಕೊರೆಯದ, ತೇವ ಏರದ ನೆಲ, ಚಪ್ಪರ ಕಟ್ಟಲು ಗೋಡೆಯಲ್ಲಿ ಕೊಂಡಿಗಳು ಬೇಕು. ಬೆಂಚು ತುಂಬಿಸಿದರೆ ಕಲಿಸುವ ಕ್ರಮವೇ ಕೆಡುತ್ತದೆ. ದೊಡ್ಡ ಮಕ್ಕಳ ಬೆಂಚನ್ನು ಕೂರಿಸಿ ನೋಡಿಯೇ ಕೊಳ್ಳಬೇಕು: ಪಾದ ನೆಲಕ್ಕೆ ಊರಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಯುರೋಪಿನ ಮಾನಕದಲ್ಲಿ ಶಾಲಾ ಕುರ್ಚಿಗೆ 21 ಸೆಂಟಿಮೀಟರ್‌ನಿಂದ 51ರವರೆಗೆ ಬೇರೆ ಬೇರೆ ಎತ್ತರಗಳಿವೆ. ನಾವು ಒಂದರಿಂದ ಏಳನೇ ತರಗತಿವರೆಗೆ ಒಂದೇ ಎತ್ತರದ ಬೆಂಚು ತರಿಸುತ್ತೇವೆ.

ದೆಹಲಿಯ ವಿನ್ಯಾಸ್ ಸಂಸ್ಥೆ ಯುನಿಸೆಫ್ ಜೊತೆ ಸೇರಿ ರೂಪಿಸಿದ 'ಬಾಲಾ' ಎಂಬ ಕಲ್ಪನೆ ಕಟ್ಟಡವನ್ನೇ ಪಾಠದ ಸಾಮಗ್ರಿ ಮಾಡುತ್ತದೆ. ಬಾಗಿಲಿನ ಕೆಳಗೆ ನೆಲದ ಮೇಲೆ ಕೋನಮಾಪಕ ಬರೆದರೆ ಬಾಗಿಲು ತೆರೆದಂತೆಲ್ಲ 30, 60, 90 ಡಿಗ್ರಿ ಕಣ್ಣಿಗೆ ಕಾಣುತ್ತದೆ. ಒಂದು ಡಬ್ಬಿ ಬಣ್ಣದ ಖರ್ಚು. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಇದೆ. ಡಬ್ಬಿಯ ಮೇಲೆ ಬರೆದಿರುತ್ತದೆ.

ಸ್ಮಾರ್ಟ್ ಬೋರ್ಡ್ ಬರುವುದಿದ್ದರೆ ಅದರ ಎದುರಿಗೆ ಕಿಟಕಿ ಇರಬಾರದು, ತೆರೆ ಹೊಳೆದು ಏನೂ ಕಾಣುವುದಿಲ್ಲ. ಅರ್ಥಿಂಗ್ ಸರಿಯಿರಬೇಕು. ಒದ್ದೆ ಗೋಡೆಯಿಂದ ಕರೆಂಟ್ ಹೊಡೆಯದಂತೆ, ಸೋರಿಕೆಯಾದ ಕೂಡಲೇ ವಿದ್ಯುತ್ ಕಡಿಯುವ 30 ಮಿಲಿಆಂಪಿಯರ್‌ನ ಬ್ರೇಕರ್ ಇರಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಮಿಂಚುವಾಹಕವೂ ಬೇಕು.

ಯಾರನ್ನು, ಯಾವಾಗ ಕೇಳಬೇಕು?

ಸರ್ಕಾರಿ ಶಾಲೆಯಲ್ಲಿ ಕೇಳುವ ಹಕ್ಕು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಇದೆ. ಟೆಂಡರ್ ಆಗುವ ಮೊದಲೇ ಕೇಳಬೇಕು. ಆಮೇಲೆ ಪ್ರತಿ ಬದಲಾವಣೆಗೂ ಮತ್ತೆ ಮಂಜೂರಾತಿ ಬೇಕಾಗುತ್ತದೆ. ನಕ್ಷೆ, ಎಸ್ಟಿಮೇಟ್ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಪಡೆಯಬಹುದು. ಕೇಳುವುದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಮಾಡಿಸಿ.

ನಮ್ಮೂರಿನಲ್ಲಿ ಎರಡನೆಯ ಸಭೆಗೆ ಕಿರಿಯ ಎಂಜಿನಿಯರ್ ಬಂದಿದ್ದರು. ಈ ಸಲ ಉತ್ತರದ ಬಾಣ ಎಲ್ಲಿದೆ ಎಂದು ಒಬ್ಬ ತಾಯಿ ಕೇಳಿದರು. ಬಾಗಿಲುಗಳ ಗೆರೆ ನೋಡಿದೆವು. ಮೂರೂ ಒಳಗೆ ತೆರೆಯುತ್ತಿದ್ದವು, ಬದಲಿಸಲು ಒಪ್ಪಿದರು. ಬಿಸಿಯೂಟದ ಅಕ್ಕ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದರು. "ಅಲ್ಲ ಸರ್, ನೂರಾಹತ್ತು ತಟ್ಟೆ ತೊಳೆಯುವುದು ಎಲ್ಲಿ? ಈಗ ಅಂಗಳದಲ್ಲಿ ತೊಳೆಯುತ್ತೇವೆ. ಮಳೆ ಬಂದರೆ ಮಕ್ಕಳು ನೆನೆಯುತ್ತಾರೆ, ತಟ್ಟೆಗೆ ಕೆಸರು ಸಿಡಿಯುತ್ತದೆ" ಎಂದರು. ಎಂಜಿನಿಯರ್ ನಕ್ಷೆಯ ಮೇಲೆ ಬೆರಳಾಡಿಸಿದರು. ತೊಳೆಯುವ ಜಾಗ ಎಲ್ಲೂ ಇರಲಿಲ್ಲ. ಕಿಸೆಯಿಂದ ಪೆನ್ಸಿಲ್ ತೆಗೆದು ಅಡುಗೆಮನೆಯ ಪಕ್ಕದಲ್ಲಿ ಉದ್ದವಾದ ಒಂದು ಕಟ್ಟೆ ಬರೆದರು, ಅದರ ಮೇಲೆ ಮಾಡಿನ ಗೆರೆ ಎಳೆದರು. "ಎಷ್ಟು ನಲ್ಲಿ ಬೇಕಮ್ಮ?" ಎಂದು ಕೇಳಿದರು. ಅಕ್ಕ ಬೆರಳು ಮಡಚಿ ಎಣಿಸಿ, "ಎಂಟು. ಚಿಕ್ಕವರ ಕೈಗೆ ಎಟಕಬೇಕು, ಎರಡನ್ನು ಕೆಳಗೆ ಹಾಕಿ" ಎಂದರು.